ಸಿಪಾಪ್ ಮಾಸ್ಕ್ ಒಗ್ಗುತ್ತಿಲ್ಲ, ಆಪರೇಷನ್ ಮಾಡಿಸಿಕೊಳ್ಳಲೇ? ಸ್ಲೀಪ್ ಆಪ್ನಿಯಾ ಇರುವವರು, ತಿಳಿದವರು ಹೇಳಿ

ರಾತ್ರಿಪಾಳಿ:
ಎಲ್ಲರಿಗೂ ನಮಸ್ಕಾರ. ನೇರ ವಿಷಯಕ್ಕೇ ಬರುತ್ತೇನೆ. ನನಗೆ ಅಬ್‌ಸ್ಟ್ರಕ್ಟಿವ್ ಸ್ಲೀಪ್ ಆಪ್ನಿಯಾ ಇದೆ, ಅಂದರೆ ನಿದ್ದೆಯಲ್ಲಿ ಗಂಟಲು ಮುಚ್ಚಿಕೊಂಡು ಉಸಿರು ಕಟ್ಟುವ ಕಾಯಿಲೆ. ಸ್ಲೀಪ್ ಸ್ಟಡಿಯಲ್ಲಿ ಎಎಚ್‌ಐ 38 ಬಂದಿದೆ. ಅಂದರೆ ಗಂಟೆಗೆ 38 ಸಲ ಉಸಿರು ನಿಲ್ಲುತ್ತದೆ ಅಥವಾ ತೀರಾ ಕಡಿಮೆಯಾಗುತ್ತದೆ. 30 ದಾಟಿದರೆ ತೀವ್ರ ಅಂತಾರಂತೆ. ಮಾಸ್ಕ್ ಮೂಲಕ ಒತ್ತಡದಲ್ಲಿ ಗಾಳಿ ಬಿಟ್ಟು ಗಂಟಲು ಮುಚ್ಚದಂತೆ ನೋಡಿಕೊಳ್ಳುವ ಸಿಪಾಪ್ ಮೆಷಿನ್ ತಂದುಕೊಂಡೆ. ಮಾಸ್ಕ್ ಹಾಕಿಕೊಂಡೇ ಮಲಗುತ್ತೇನೆ, ಬೆಳಿಗ್ಗೆ ಎದ್ದರೆ ಅದು ಮಂಚದ ಕೆಳಗೆ ಬಿದ್ದಿರುತ್ತದೆ. ಯಾವಾಗ ಕಿತ್ತು ಹಾಕಿದೆ ಅಂತ ನನಗೇ ಗೊತ್ತಿರುವುದಿಲ್ಲ.

ಇಎನ್‌ಟಿ ಡಾಕ್ಟರ್ ಒಬ್ಬರು ಬಾಯಿ ತೆರೆಸಿ ಟಾರ್ಚ್ ಬಿಟ್ಟು ನೋಡಿದರು. "ಅಂಗುಳದ ಆಪರೇಷನ್ ಮಾಡಿಬಿಡೋಣ, ಮೆಷಿನ್ ಗೋಳೇ ಇರಲ್ಲ" ಅಂದರು. ಕೇಳಿ ಖುಷಿಯೂ ಆಯಿತು, ಭಯವೂ ಆಯಿತು. ನಿಜಕ್ಕೂ ಗೋಳು ಹೋಗುತ್ತದಾ?

ಮಾಸ್ಕ್‌ಧಾರಿ:
ಕತ್ತರಿಗೆ ಕೈ ಹಾಕುವ ಮುಂಚೆ ಮಾಸ್ಕ್ ಬದಲಾಯಿಸಿ ನೋಡಿದ್ರಾ? ಎಷ್ಟೋ ಜನ ಮೊದಲು ಕೊಟ್ಟ ಮಾಸ್ಕಲ್ಲೇ ಒದ್ದಾಡಿ "ಸಿಪಾಪ್ ನಂಗಾಗಲ್ಲ" ಅಂತ ಕೈಬಿಡುತ್ತಾರೆ. ಮೂಗಿನ ಹೊಳ್ಳೆಗೆ ಮಾತ್ರ ಕೂರುವ ಪಿಲ್ಲೋ ಮಾಸ್ಕ್ ಇದೆ, ಮೂಗು ಪೂರ್ತಿ ಮುಚ್ಚುವುದಿದೆ, ಬಾಯಿ ಮೂಗು ಎರಡೂ ಮುಚ್ಚುವುದಿದೆ. ಬಾಯಿ ಒಣಗುತ್ತಿದ್ದರೆ ಗಾಳಿಗೆ ತೇವ ಕೊಡುವ ಹ್ಯೂಮಿಡಿಫೈಯರ್ ಸರಿಮಾಡಬೇಕು. ಒತ್ತಡ ಜಾಸ್ತಿ ಅನ್ನಿಸಿದರೆ ಅದನ್ನೂ ಹೊಂದಿಸಬಹುದು. 1981ರಲ್ಲಿ ಆಸ್ಟ್ರೇಲಿಯಾದ ಕಾಲಿನ್ ಸಲಿವನ್ ಈ ವಿಧಾನ ತಂದಾಗ ಮೆಷಿನ್ ಅಂದರೆ ಹೆಚ್ಚುಕಡಿಮೆ ವ್ಯಾಕ್ಯೂಮ್ ಕ್ಲೀನರ್ ಮೋಟರ್. ಈಗಿನದು ಪಕ್ಕದಲ್ಲಿದ್ದರೆ ಸದ್ದೇ ಕೇಳಿಸಲ್ಲ.

ನಾನೇನು ಆಪರೇಷನ್ ವಿರೋಧಿ ಅಲ್ಲ. ಆದರೆ ಮಾಸ್ಕ್ ಕೆಲಸ ಮಾಡಿದಷ್ಟು ಗ್ಯಾರಂಟಿಯಾಗಿ ಬೇರೆ ಯಾವುದೂ ಮಾಡುವುದಿಲ್ಲ.

ಕಿಮೂಗಂ:
(ನಾನು ಇಎನ್‌ಟಿ ಸರ್ಜನ್. ಇಲ್ಲಿ ಹೇಳುವುದು ಸಾಮಾನ್ಯ ಮಾಹಿತಿ. ನಿಮ್ಮ ಗಂಟಲು ನೋಡಿಲ್ಲ, ನೋಡದೆ ಸಲಹೆ ಕೊಡುವುದಿಲ್ಲ.)

ಮಾಸ್ಕ್‌ಧಾರಿ ಹೇಳಿದ್ದರಲ್ಲಿ ಒಂದು ತಿದ್ದುಪಡಿ. ಮಾಸ್ಕ್ ಹಾಕಿರುವಷ್ಟು ಹೊತ್ತು ಅದಕ್ಕೆ ಸಾಟಿ ಇಲ್ಲ, ಒಪ್ಪಿದೆ. ಆದರೆ ಮಂಚದ ಕೆಳಗೆ ಬಿದ್ದಿರುವ ಮಾಸ್ಕ್ ಯಾವ ಕಾಯಿಲೆಯನ್ನೂ ವಾಸಿ ಮಾಡಲ್ಲ. ಏಳು ಗಂಟೆ ಮಲಗುವವರು ಮೂರು ಗಂಟೆ ಹಾಕಿಕೊಂಡರೆ ಉಳಿದ ನಾಲ್ಕು ಗಂಟೆ ಗಂಟಲು ಮುಚ್ಚುತ್ತಲೇ ಇರುತ್ತದೆ. ಅದೂ ಬೆಳಗಿನ ಜಾವ. ಕನಸು ಬೀಳುವ ನಿದ್ದೆ ಜಾಸ್ತಿ ಇರುವುದು ಆ ಹೊತ್ತಿನಲ್ಲೇ. ಎಷ್ಟೋ ಜನರಿಗೆ ಉಸಿರು ಹೆಚ್ಚು ಕಟ್ಟುವುದೂ ಆಗಲೇ. ಆಪರೇಷನ್ ಅರ್ಧ ಪರಿಣಾಮ ಕೊಟ್ಟರೂ ಅದು ಇಡೀ ರಾತ್ರಿ ಇರುತ್ತದೆ. ಎರಡನ್ನೂ ಹೋಲಿಸುವಾಗ ಇದನ್ನು ಮರೆಯಬಾರದು.

ರಾತ್ರಿಪಾಳಿಯವರೇ, ನನಗೆ ಸರಿ ಕಾಣದ್ದು ಟಾರ್ಚ್ ವಿಷಯ. ಎಚ್ಚರವಾಗಿದ್ದಾಗ ಬಾಯಿ ತೆರೆಸಿ ನೋಡಿದರೆ ಟಾನ್ಸಿಲ್, ಕಿರುನಾಲಿಗೆ, ಮೆದು ಅಂಗುಳ ಕಾಣುತ್ತವೆ. ನಿದ್ದೆಯಲ್ಲಿ ಎಲ್ಲಿ ಮುಚ್ಚಿಕೊಳ್ಳುತ್ತದೆ ಅಂತ ಕಾಣುವುದಿಲ್ಲ. ಗಂಟಲಿನ ಆ ಭಾಗಕ್ಕೆ ಮೂಳೆಯ ಆಸರೆ ಇಲ್ಲ, ಬರೀ ಸ್ನಾಯು. ಮೆತ್ತಗಿನ ಸ್ಟ್ರಾ ಜೋರಾಗಿ ಹೀರಿದರೆ ಚಪ್ಪಟೆ ಆಗುತ್ತದಲ್ಲ, ಅದೇ ಕಥೆ. ಅಂಗುಳ ಹಿಂದಕ್ಕೆ ಬೀಳಬಹುದು, ಗಂಟಲಿನ ಪಕ್ಕದ ಗೋಡೆಗಳು ಒಳಗೆ ಸರಿಯಬಹುದು, ನಾಲಿಗೆಯ ಬುಡ ಹಿಂದೆ ಜಾರಬಹುದು, ಉಸಿರುನಾಳದ ಮೇಲಿನ ಮುಚ್ಚಳ ಎಪಿಗ್ಲಾಟಿಸ್ ಮಡಚಿಕೊಳ್ಳಬಹುದು. ಬಹಳ ಜನರಲ್ಲಿ ಇವುಗಳಲ್ಲಿ ಎರಡೋ ಮೂರೋ ಒಟ್ಟಿಗೇ ಆಗುತ್ತವೆ. ನಿಮ್ಮ ನಾಲಿಗೆಯ ಬುಡ ಬೀಳುತ್ತಿದ್ದು, ನಾನು ಅಂಗುಳ ಕತ್ತರಿಸಿದರೆ ನಿಮಗೆ ಸಿಗುವುದು ಬರೀ ನೋವು.

ಇದನ್ನು ನೋಡಲು ಸ್ಲೀಪ್ ಎಂಡೋಸ್ಕೋಪಿ ಅಂತ ಇದೆ. ಡೈಸ್ ಅಂತಲೂ ಕರೆಯುತ್ತೇವೆ. ಔಷಧಿ ಕೊಟ್ಟು ನಿದ್ದೆ ಬರಿಸಿ, ಗೊರಕೆ ಶುರುವಾದ ಮೇಲೆ ಮೂಗಿನಿಂದ ಸಣ್ಣ ಕ್ಯಾಮೆರಾ ಇಳಿಸಿ ನೋಡುವುದು. "ಡೈಸ್ ಮಾಡಿಸೋಣವಾ?" ಅಂತ ನಿಮ್ಮ ಡಾಕ್ಟರನ್ನು ಕೇಳಿ. ಅವರು ಏನು ಉತ್ತರ ಕೊಡುತ್ತಾರೆ ಅನ್ನುವುದರಿಂದಲೇ ನಿಮಗೆ ಬಹಳ ವಿಷಯ ಗೊತ್ತಾಗುತ್ತದೆ.

ಹಳೇಪೇಷೆಂಟು:
ಮಾಡಿಸಿಕೊಂಡವನು ಮಾತಾಡಬಹುದಾ?

ನನಗೆ ಆಗಿದ್ದು ಯುಪಿಪಿಪಿ. ಟಾನ್ಸಿಲ್ ತೆಗೆದು, ಕಿರುನಾಲಿಗೆ ಮತ್ತು ಅಂಗುಳದ ಅಂಚು ಕತ್ತರಿಸಿ ಹೊಲಿಯುತ್ತಾರೆ. ನೋವಿನ ಬಗ್ಗೆ ಯಾರೂ ಸರಿಯಾಗಿ ಹೇಳಲಿಲ್ಲ. ದೊಡ್ಡವರಿಗೆ ಗಂಟಲ ಆಪರೇಷನ್ ಆದರೆ ಎರಡು ವಾರ ನರಕ. ಎಂಜಲು ನುಂಗುವುದಕ್ಕೂ ಧೈರ್ಯ ಬೇಕು. ನಿದ್ದೆಯಲ್ಲಿ ತಾನಾಗಿ ನುಂಗಿಬಿಟ್ಟರೆ ಚುರ್ ಅಂತ ಎಚ್ಚರ ಆಗುತ್ತಿತ್ತು. ನೀರು ಕುಡಿದರೆ ಅರ್ಧ ಮೂಗಲ್ಲಿ ಬರುತ್ತಿತ್ತು. ಅದು ಹೆದರಿಸಿತು, ಆದರೆ ಆಮೇಲೆ ನಿಂತುಹೋಯಿತು. ಗಂಟಲಲ್ಲಿ ಏನೋ ಸಿಕ್ಕಿಕೊಂಡಂತೆ ಅನ್ನಿಸುವುದು ಮಾತ್ರ ಇವತ್ತಿಗೂ ಒಮ್ಮೊಮ್ಮೆ ಇದೆ.

ಮುಖ್ಯ ವಿಷಯ ಇದಲ್ಲ. ಗೊರಕೆ ನಿಂತಿತು. ಪೂರ್ತಿ. ಮನೆಯವರಿಗೆಲ್ಲ ಖುಷಿ. ನಾನೂ ವಾಸಿಯಾಯಿತು ಅಂದುಕೊಂಡೆ. ಆದರೆ ಮಧ್ಯಾಹ್ನದ ತೂಕಡಿಕೆ ಹೋಗಲಿಲ್ಲ, ಬಿಪಿ ಇಳಿಯಲಿಲ್ಲ. ಇನ್ನೊಬ್ಬ ಡಾಕ್ಟರ್ ಹೇಳಿದರು ಅಂತ ಮತ್ತೆ ಸ್ಲೀಪ್ ಸ್ಟಡಿ ಮಾಡಿಸಿದರೆ ಎಎಚ್‌ಐ ಸ್ವಲ್ಪ ಇಳಿದಿತ್ತು ಅಷ್ಟೇ. ಉಸಿರು ಕಟ್ಟುತ್ತಲೇ ಇತ್ತು, ಸದ್ದು ಮಾತ್ರ ಇರಲಿಲ್ಲ. ಮುಂಚೆ ಗೊರಕೆ ನಿಂತ ಕೂಡಲೇ ಹೆಂಡತಿ ಗಾಬರಿಯಾಗಿ ತಟ್ಟಿ ಎಬ್ಬಿಸುತ್ತಿದ್ದಳು. ಈಗ ಅದೂ ಇಲ್ಲ. ಆಪರೇಷನ್ ಮಾಡಿದ ಕಡೆ ಮರುಪರೀಕ್ಷೆ ಅನ್ನುವ ಮಾತೇ ಬಂದಿರಲಿಲ್ಲ.

ರಾತ್ರಿಪಾಳಿ:
ಅಯ್ಯೋ. ಹಾಗಾದರೆ ಯುಪಿಪಿಪಿ ಎಷ್ಟು ಜನಕ್ಕೆ ಕೆಲಸ ಮಾಡುತ್ತದೆ? ಅಂತರ್ಜಾಲದಲ್ಲಿ ಒಬ್ಬರು 40 ಅಂತಾರೆ, ಇನ್ನೊಬ್ಬರು 80 ಅಂತಾರೆ.

ಕಿಮೂಗಂ:
ಎರಡೂ ಸರಿ. ತಮಾಷೆ ಅಲ್ಲ.

ಶಿರೋ ಫುಜಿತಾ ಆಪ್ನಿಯಾಗೆ ಈ ಆಪರೇಷನ್ ಪ್ರಕಟಿಸಿದ್ದು 1981ರಲ್ಲಿ. ಆಮೇಲೆ ಹದಿನೈದು ವರ್ಷ ಸಿಕ್ಕಸಿಕ್ಕವರಿಗೆಲ್ಲ ಮಾಡಿದರು. 1996ರಲ್ಲಿ ಅದುವರೆಗಿನ ವರದಿಗಳನ್ನೆಲ್ಲ ಒಟ್ಟು ಹಾಕಿ ನೋಡಿದಾಗ ಯಶಸ್ಸು ನೂರಕ್ಕೆ 40ರ ಆಸುಪಾಸು ಬಂತು. 2002ರಲ್ಲಿ ಫ್ರೀಡ್‌ಮನ್ ಅನ್ನುವವರು ರೋಗಿಗಳನ್ನು ವಿಂಗಡಿಸಿ ನೋಡಿದರು. ಟಾನ್ಸಿಲ್ ದೊಡ್ಡದು, ಬಾಯಿ ತೆರೆದರೆ ಅಂಗುಳ ಚೆನ್ನಾಗಿ ಕಾಣುತ್ತದೆ, ತೂಕ ಅತಿಯಾಗಿಲ್ಲ ಅನ್ನುವ ಗುಂಪಿನಲ್ಲಿ ನೂರಕ್ಕೆ 80 ಜನಕ್ಕೆ ಉಪಯೋಗವಾಗಿತ್ತು. ಟಾನ್ಸಿಲ್ ಸಣ್ಣದು, ನಾಲಿಗೆ ದಪ್ಪಗಿದ್ದು ಅಂಗುಳವನ್ನೇ ಮುಚ್ಚಿದೆ ಅನ್ನುವವರಲ್ಲಿ ನೂರಕ್ಕೆ 8. ಆಪರೇಷನ್ ಒಂದೇ, ಗಂಟಲು ಬೇರೆ.

ಆರಿಸಿ ಮಾಡಿದರೆ ಒಳ್ಳೆಯ ಫಲಿತಾಂಶ ಬರುತ್ತದೆ ಅನ್ನುವುದಕ್ಕೆ ಸ್ವೀಡನ್ನಿನ ಒಂದು ಪ್ರಯೋಗ ಇದೆ, 2013ರದು. ಆಪರೇಷನ್ ಆದವರಲ್ಲಿ ಆರು ತಿಂಗಳಿಗೆ ಎಎಚ್‌ಐ ಸರಾಸರಿ 53ರಿಂದ 21ಕ್ಕೆ ಇಳಿಯಿತು. ಸುಮ್ನೆ ಕಾದವರಲ್ಲಿ ಅಷ್ಟೇನೂ ಇಳಿಯಲಿಲ್ಲ.

ಇನ್ನೊಂದು ವಿಷಯ. "ಯಶಸ್ಸು" ಅಂದರೆ ಏನು ಅಂತ ಕೇಳಿ. ನಮ್ಮ ಸರ್ಜನ್‌ಗಳ ಲೆಕ್ಕದಲ್ಲಿ ಎಎಚ್‌ಐ ಅರ್ಧಕ್ಕಿಂತ ಕೆಳಗೆ ಬಂದು, 20ಕ್ಕಿಂತ ಕಡಿಮೆ ಆದರೆ ಯಶಸ್ಸು. 60 ಇದ್ದದ್ದು 19 ಆದರೂ ಯಶಸ್ಸೇ! ಆದರೆ 15ರಿಂದ 30ರವರೆಗೆ ಮಧ್ಯಮ ಆಪ್ನಿಯಾ ಅಂತ ಪುಸ್ತಕವೇ ಹೇಳುತ್ತದೆ. 60ಕ್ಕಿಂತ 19 ಎಷ್ಟೋ ಮೇಲು, ನಿಜ. ಆದರೆ ಅದನ್ನು ವಾಸಿಯಾಯಿತು ಅನ್ನಬಾರದು.

ಈಗ ಅಂಗುಳದ ಆಪರೇಷನ್ ಮಾಡುವ ರೀತಿಯೂ ಬದಲಾಗಿದೆ. ಕತ್ತರಿಸಿ ಎಸೆಯುವುದು ಕಡಿಮೆ, ಇರುವ ಸ್ನಾಯುವನ್ನೇ ತಿರುಗಿಸಿ ಪಕ್ಕಕ್ಕೆ, ಮುಂದಕ್ಕೆ ಎಳೆದು ಹೊಲಿಯುವುದು ಜಾಸ್ತಿ. 2007ರಲ್ಲಿ ಪ್ಯಾಂಗ್ ಮತ್ತು ವುಡ್‌ಸನ್ ತಂದ ಎಕ್ಸ್‌ಪ್ಯಾನ್ಶನ್ ಸ್ಫಿಂಕ್ಟರ್ ಫ್ಯಾರಿಂಗೋಪ್ಲಾಸ್ಟಿ ಇದೇ ಜಾತಿಯದು. ಹಳೇಪೇಷೆಂಟು ಹೇಳಿದಂಥ ತೊಂದರೆಗಳು ಇದರಲ್ಲಿ ಕಡಿಮೆ. ಎರಡು ವಾರದ ನೋವು ಮಾತ್ರ ಇಲ್ಲೂ ಇದೆ. ಐದರಿಂದ ಹತ್ತನೇ ದಿನದ ಒಳಗೆ ರಕ್ತ ಒಸರಬಹುದು. ಬಾಯಲ್ಲಿ ಹಸಿ ರಕ್ತ ಕಂಡರೆ ಬೆಳಗಾಗಲಿ ಅಂತ ಕಾಯಬೇಡಿ, ಆಸ್ಪತ್ರೆಗೆ ಹೋಗಿ.

ಸುಮ್ನೆಒಂದ್ಪ್ರಶ್ನೆ:
ಲೇಸರ್‌ನಲ್ಲಿ ಅರ್ಧ ಗಂಟೆಯಲ್ಲಿ ಗೊರಕೆ ಮಾಯ ಅಂತ ಜಾಹೀರಾತು ಬರುತ್ತಲ್ಲ, ಅದು?

ಕಿಮೂಗಂ:
ಬರೀ ಗೊರಕೆಗೆ ಏನಾದರೂ ಮಾಡಿಕೊಳ್ಳಲಿ. ಆಪ್ನಿಯಾಗೆ ಅಂಗುಳಕ್ಕೆ ಲೇಸರ್ ಹಾಕುವುದನ್ನು ಅಮೆರಿಕದ ನಿದ್ರಾ ವೈದ್ಯರ ಸಂಘ ಮಾಡಬೇಡಿ ಅಂತಲೇ ಹೇಳಿದೆ. ಸುಟ್ಟ ಗಾಯ ಮಾಯುವಾಗ ಬಿಗಿದುಕೊಂಡು ದಾರಿ ಇನ್ನೂ ಕಿರಿದಾಗಬಹುದು. ಸ್ಲೀಪ್ ಸ್ಟಡಿ ಇಲ್ಲದೆ ಗೊರಕೆಗೆ ಕೈ ಹಾಕುವವರಿಂದ ದೂರ ಇರಿ.

ಮೂಗುಕಟ್ಟಿದವಳು:
ನನ್ನ ಮೂಗಿನ ನಡುಗೋಡೆ ಸೊಟ್ಟ ಇದೆ. ಅದನ್ನು ಸರಿಮಾಡಿಸಿದರೆ ಆಪ್ನಿಯಾ ಹೋಗುತ್ತದಾ?

ಮಾಸ್ಕ್‌ಧಾರಿ:
ಇದಕ್ಕೆ ನಾನೇ ಉತ್ತರ ಕೊಡುತ್ತೇನೆ, ನಾನು ಮಾಡಿಸಿಕೊಂಡಿದ್ದೇನೆ. ಎಎಚ್‌ಐ ಹೆಚ್ಚುಕಡಿಮೆ ಇದ್ದಲ್ಲೇ ಇದೆ. ಆದರೆ ಮೂಗು ಬಿಟ್ಟುಕೊಂಡಿತು, ಮೆಷಿನ್ ಒತ್ತಡ ಇಳಿಸಿದರು, ಮೂಗಿನ ಮಾಸ್ಕ್ ಸಾಕಾಯಿತು. ಈಗ ರಾತ್ರಿಯಿಡೀ ಹಾಕಿಕೊಂಡಿರುತ್ತೇನೆ.

ಕಿಮೂಗಂ:
ಸರಿಯಾಗಿ ಹೇಳಿದಿರಿ. ಮೂಗಿನ ಆಪರೇಷನ್ ಒಂದರಿಂದಲೇ ಆಪ್ನಿಯಾ ಹೋಗುವುದು ಅಪರೂಪ. ಅದರ ಲಾಭ ಸಿಪಾಪ್ ಒಗ್ಗುವುದರಲ್ಲಿದೆ. ರಾತ್ರಿಪಾಳಿಯವರೇ, ನಿಮ್ಮ ಮೂಗು ಹೇಗಿದೆ? ಮಾಸ್ಕ್ ಕಿತ್ತೆಸೆಯುವವರಲ್ಲಿ ಮೂಗು ಕಟ್ಟುವವರು ಬಹಳ.

ಅವಳಿಅಮ್ಮ:
ನನ್ನ ಮಗನಿಗೆ ಆರು ವರ್ಷ. ಬಾಯಿ ತೆರೆದು ಮಲಗುತ್ತಾನೆ, ಗೊರಕೆ, ಹಾಸಿಗೆ ಒದ್ದೆ, ಹಗಲೆಲ್ಲ ಚಡಪಡಿಕೆ. ಡಾಕ್ಟರ್ ಟಾನ್ಸಿಲ್, ಮೂಗಿನ ಹಿಂದೆ ಇರುವ ಅಡೆನಾಯ್ಡ್ ಎರಡೂ ತೆಗೆಯೋಣ ಅಂದಿದ್ದಾರೆ. ಮೇಲಿನದೆಲ್ಲ ಓದಿ ಹೆದರಿಕೆ ಆಗಿದೆ.

ಕಿಮೂಗಂ:
ಹೆದರಬೇಡಿ ಅಮ್ಮ, ಮಕ್ಕಳ ಲೆಕ್ಕವೇ ಬೇರೆ. ದೊಡ್ಡವರಿಗೆ ಮೊದಲು ಮಾಸ್ಕ್, ಆಮೇಲೆ ಕತ್ತರಿ. ಮಕ್ಕಳಿಗೆ ತಿರುಗುಮುರುಗು, ಟಾನ್ಸಿಲ್ ಮತ್ತು ಅಡೆನಾಯ್ಡ್ ತೆಗೆಯುವುದೇ ಮೊದಲ ಚಿಕಿತ್ಸೆ. ಅಮೆರಿಕದಲ್ಲಿ 5ರಿಂದ 9 ವರ್ಷದ 464 ಮಕ್ಕಳ ಮೇಲೆ ಒಂದು ದೊಡ್ಡ ಪ್ರಯೋಗ ಆಗಿತ್ತು, 2013ರಲ್ಲಿ ಪ್ರಕಟವಾಯಿತು. ಏಳು ತಿಂಗಳಾದ ಮೇಲೆ ಆಪರೇಷನ್ ಆದ ಮಕ್ಕಳಲ್ಲಿ ನೂರಕ್ಕೆ 79 ಮಕ್ಕಳ ಸ್ಲೀಪ್ ಸ್ಟಡಿ ಸರಿಹೋಗಿತ್ತು. ನಡವಳಿಕೆಯೂ ಸುಧಾರಿಸಿತ್ತು. ಕಾದು ನೋಡಿದ ಮಕ್ಕಳಲ್ಲೂ ನೂರಕ್ಕೆ 46 ಮಕ್ಕಳದು ತಾನಾಗಿ ಸರಿಹೋಗಿತ್ತು ಅನ್ನುವುದನ್ನೂ ಹೇಳಬೇಕು. ಹಾಗಾಗಿ ತೀರಾ ಹಗುರ ಇದ್ದರೆ ಕಾಯುವುದು ತಪ್ಪಲ್ಲ. ಮಗುವಿನ ಎಎಚ್‌ಐ ಎಷ್ಟು? ದೊಡ್ಡವರ ಅಳತೆಗೋಲು ಹಿಡಿಯಬೇಡಿ, ಮಕ್ಕಳಲ್ಲಿ 1 ದಾಟಿದರೂ ಗಮನಿಸುತ್ತೇವೆ, 10 ದಾಟಿದರೆ ತೀವ್ರ. ತೂಕ ಜಾಸ್ತಿ ಇರುವ ಮಕ್ಕಳಲ್ಲಿ, ಡೌನ್ ಸಿಂಡ್ರೋಮ್ ಇರುವವರಲ್ಲಿ ಆಪರೇಷನ್ ಆದ ಮೇಲೂ ಉಳಿಯುವ ಸಾಧ್ಯತೆ ಹೆಚ್ಚು.

ದವಡೆಮುಂದೆ:
ಯಾರೂ ದವಡೆ ವಿಷಯ ಎತ್ತಲಿಲ್ಲ, ನಾನೇ ಎತ್ತುತ್ತೇನೆ. ನನ್ನ ಗದ್ದ ಹುಟ್ಟಿನಿಂದ ಹಿಂದೆ ಇತ್ತು. ನನಗೆ ಎಂಎಂಎ ಮಾಡಿದರು. ಮೇಲಿನ ದವಡೆ, ಕೆಳಗಿನ ದವಡೆ ಎರಡನ್ನೂ ಕೊಯ್ದು ಸುಮಾರು ಒಂದು ಸೆಂಟಿಮೀಟರ್ ಮುಂದಕ್ಕೆ ತಂದು ಟೈಟಾನಿಯಂ ಪ್ಲೇಟ್ ಹಾಕಿ ಕೂರಿಸುತ್ತಾರೆ. ದವಡೆ ಮುಂದೆ ಬಂದರೆ ಅದಕ್ಕೆ ಅಂಟಿಕೊಂಡಿರುವ ಅಂಗುಳ, ನಾಲಿಗೆ ಎಲ್ಲ ಮುಂದೆ ಬರುತ್ತವೆ. ಒಂದೇ ಏಟಿಗೆ ಇಡೀ ದಾರಿ ಅಗಲ.

ಚಿಕ್ಕ ಆಪರೇಷನ್ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಮುಖ ಊದಿಕೊಂಡು ಕನ್ನಡಿಯಲ್ಲಿ ಬೇರೆ ಯಾರೋ ಕಂಡರು. ಹಲ್ಲಿಗೆ ರಬ್ಬರ್ ಬ್ಯಾಂಡ್ ಹಾಕಿ ಬಿಗಿದಿದ್ದರು. ಸಿರಿಂಜ್ ತುದಿಗೆ ಸಣ್ಣ ನಳಿಕೆ ಸಿಕ್ಕಿಸಿ, ಕೆನ್ನೆಯ ಒಳಗೆ ತೂರಿಸಿ ಗಂಜಿ ಬಿಟ್ಟುಕೊಳ್ಳುತ್ತಿದ್ದೆ. ಅರ್ಧ ಒಳಗೆ, ಅರ್ಧ ಅಂಗಿ ಮೇಲೆ. ಏಕೆಂದರೆ ಕೆಳತುಟಿಗೆ ಸ್ಪರ್ಶವೇ ಇರಲಿಲ್ಲ, ಸೋರುತ್ತಿರುವುದು ಗೊತ್ತಾಗುತ್ತಿರಲಿಲ್ಲ. ಸ್ಪರ್ಶ ಬಹಳಷ್ಟು ವಾಪಸ್ ಬಂತು, ಗದ್ದದ ಎಡಭಾಗ ಮಾತ್ರ ಇನ್ನೂ ಜೋಮು ಹಿಡಿದಂತಿದೆ. ಮುಖದ ಆಕಾರವೂ ಬದಲಾಯಿತು. ನನಗೆ ಅದು ಲಾಭವೇ ಆಯಿತು ಬಿಡಿ. ಮರುಪರೀಕ್ಷೆಯಲ್ಲಿ ಎಎಚ್‌ಐ 5ಕ್ಕಿಂತ ಕೆಳಗೆ.

ಕಿಮೂಗಂ:
ಎಲ್ಲರಿಗೂ 5ಕ್ಕಿಂತ ಕೆಳಗೆ ಬರುವುದಿಲ್ಲ, ಆದರೆ ಗಂಟಲಿನ ದಾರಿ ಅಗಲ ಮಾಡುವ ಆಪರೇಷನ್‌ಗಳಲ್ಲಿ ಎಂಎಂಎಯಷ್ಟು ಪರಿಣಾಮ ಬೇರೆ ಯಾವುದಕ್ಕೂ ಇಲ್ಲ. 2016ರಲ್ಲಿ ಹಲವು ಅಧ್ಯಯನಗಳನ್ನು ಸೇರಿಸಿ ನೋಡಿದಾಗ ನೂರಕ್ಕೆ 85 ಮಂದಿಯಲ್ಲಿ ಯಶಸ್ಸು, 38 ಮಂದಿಯಲ್ಲಿ ಎಎಚ್‌ಐ 5ಕ್ಕಿಂತ ಕೆಳಗೆ. ದವಡೆ ಹಿಂದಿರುವವರಿಗೆ ಇದನ್ನು ಕೊನೆಗೆ ಅಂತ ಮುಂದೂಡುವ ಅಗತ್ಯವೇ ಇಲ್ಲ ಅನ್ನುವುದು ನನ್ನ ಅಭಿಪ್ರಾಯ. ಕೆಲವು ಸಹೋದ್ಯೋಗಿಗಳು ಒಪ್ಪಲ್ಲ.

ಗ್ಯಾಜೆಟ್‌ಗುರು:
ನಾಲಿಗೆಗೆ ಪೇಸ್‌ಮೇಕರ್ ತರಹ ಏನೋ ಬಂದಿದೆಯಂತಲ್ಲ? ಕೊಯ್ಯುವುದೇ ಬೇಡ, ಅದೇ ಬೆಸ್ಟ್ ಅಲ್ವಾ?

ಕಿಮೂಗಂ:
ಕೊಯ್ಯಬೇಕಪ್ಪ, ಗಂಟಲಲ್ಲಿ ಅಲ್ಲ ಅಷ್ಟೇ. ಕಾಲರ್ ಮೂಳೆಯ ಕೆಳಗೆ ಚರ್ಮದಡಿ ಒಂದು ಸಣ್ಣ ಸಾಧನ, ಅಲ್ಲಿಂದ ಗದ್ದದ ಕೆಳಗೆ ನಾಲಿಗೆ ಆಡಿಸುವ ಹೈಪೊಗ್ಲಾಸಲ್ ನರದವರೆಗೆ ಒಂದು ತಂತಿ. ಉಸಿರು ಎಳೆದುಕೊಂಡಾಗಲೆಲ್ಲ ನರಕ್ಕೆ ಮೆಲ್ಲಗೆ ಕರೆಂಟ್ ಕೊಟ್ಟು ನಾಲಿಗೆಯನ್ನು ಮುಂದಕ್ಕೆ ತಳ್ಳುತ್ತದೆ. ಮಲಗುವಾಗ ರಿಮೋಟ್‌ನಿಂದ ಆನ್, ಎದ್ದ ಮೇಲೆ ಆಫ್. ಹಾಕಿದ ತಕ್ಷಣ ಶುರು ಮಾಡುವುದಿಲ್ಲ, ಗಾಯ ಮಾಯಲು ಸುಮಾರು ಒಂದು ತಿಂಗಳು ಬಿಡುತ್ತಾರೆ. ಬ್ಯಾಟರಿ ಸುಮಾರು ಹನ್ನೊಂದು ವರ್ಷ ಬರುತ್ತದೆ, ಆಮೇಲೆ ಸಾಧನ ಬದಲಾಯಿಸಬೇಕು.

ಅಮೆರಿಕದಲ್ಲಿ 2014ರಲ್ಲಿ ಇದಕ್ಕೆ ಅನುಮತಿ ಸಿಕ್ಕಿತು. ಅದೇ ವರ್ಷ ಬಂದ ಸ್ಟಾರ್ ಪ್ರಯೋಗದಲ್ಲಿ 126 ಜನರಿದ್ದರು, ಒಂದು ವರ್ಷಕ್ಕೆ ಎಎಚ್‌ಐಯ ಮಧ್ಯಾಂಕ 29ರಿಂದ 9ಕ್ಕೆ ಇಳಿಯಿತು. ಒಳ್ಳೆಯ ಫಲಿತಾಂಶ. ಆದರೆ ಅವರೆಲ್ಲ ಆರಿಸಿದ ಜನ. ಸಿಪಾಪ್ ಆಗದವರಾಗಿರಬೇಕು, ತೂಕಕ್ಕೆ ಮಿತಿ ಇತ್ತು, ಡೈಸ್ ಆಗಿರಬೇಕು. ಡೈಸ್‌ನಲ್ಲಿ ಅಂಗುಳದ ಮಟ್ಟದಲ್ಲಿ ಗಂಟಲು ಸುತ್ತಲಿಂದಲೂ ಬಿಗಿದುಕೊಂಡು ಪೂರ್ತಿ ಮುಚ್ಚುತ್ತಿದ್ದರೆ ಅಂಥವರನ್ನು ಬಿಟ್ಟಿದ್ದರು. ನಾಲಿಗೆ ತಳ್ಳಿದರೆ ಅಂಥ ಗಂಟಲು ತೆರೆಯಲ್ಲ.

ಹಳೇಪೇಷೆಂಟು:
ಹಾಗಾದರೆ ಇದಕ್ಕೂ ಮೊದಲು ಡೈಸ್.

ತೂಕಇಳಿಸಿದವ:
ಇಷ್ಟೆಲ್ಲ ಯಾಕೆ? ತೂಕ ಇಳಿಸಿ, ಎಲ್ಲ ಹೋಗುತ್ತದೆ. ನನಗೆ ಹೋಯಿತು.

ದವಡೆಮುಂದೆ:
ನಾನು ತೆಳ್ಳಗೇ ಇದ್ದೆ ಸ್ವಾಮಿ. ಎಲ್ಲರಿಗೂ ಒಂದೇ ಮದ್ದು ಅನ್ನಬೇಡಿ.

ಕಿಮೂಗಂ:
ಇಬ್ಬರೂ ಸರಿ, ಜಗಳ ಬೇಡ. ತೂಕ ನೂರಕ್ಕೆ 10ರಷ್ಟು ಇಳಿದರೆ ಎಎಚ್‌ಐ ಸರಾಸರಿ ನೂರಕ್ಕೆ 26ರಷ್ಟು ಇಳಿಯಿತು ಅಂತ ಅಮೆರಿಕದ ವಿಸ್ಕಾನ್ಸಿನ್‌ನ ಅಧ್ಯಯನ 2000ದಲ್ಲೇ ತೋರಿಸಿದೆ. ಬಿಎಂಐ 35 ದಾಟಿದವರಿಗೆ ತೂಕ ಇಳಿಸಲು ಮಾಡುವ ಹೊಟ್ಟೆಯ ಬೇರಿಯಾಟ್ರಿಕ್ ಆಪರೇಷನ್ನೂ ಆಪ್ನಿಯಾ ಚಿಕಿತ್ಸೆಯ ಭಾಗವೇ. 2024ರ ಕೊನೆಯಲ್ಲಿ ಅಮೆರಿಕದಲ್ಲಿ ತೂಕ ಇಳಿಸುವ ಟಿರ್ಜೆಪಟೈಡ್ ಇಂಜೆಕ್ಷನ್‌ಗೂ ಬೊಜ್ಜಿನ ಜೊತೆ ಮಧ್ಯಮ ಅಥವಾ ತೀವ್ರ ಆಪ್ನಿಯಾ ಇರುವವರಿಗೆ ಅನುಮತಿ ಸಿಕ್ಕಿದೆ. ತೂಕ ಇಳಿದರೆ ಗಂಟಲ ಆಪರೇಷನ್ ಫಲಿತಾಂಶವೂ ಉತ್ತಮ. ಆದರೆ ಆರು ತಿಂಗಳು ತೂಕ ಇಳಿಸುತ್ತೇನೆ ಅಂತ ಅಷ್ಟೂ ದಿನ ಚಿಕಿತ್ಸೆಯೇ ಇಲ್ಲದೆ ಇರಬೇಡಿ.

ಅರಿವಳಿಕೆಯವರು:
ಸರ್ಜನ್‌ಗಳು ಮರೆಯುವ ಮಾತು ಒಂದಿದೆ, ನಾನು ಅರಿವಳಿಕೆ ಕೊಡುವವಳು. ಆಪ್ನಿಯಾ ಇರುವವರಿಗೆ ಯಾವ ಆಪರೇಷನ್ ಆದರೂ ಸರಿ, ಮಂಡಿಯದೇ ಆಗಲಿ, ಅಪೆಂಡಿಕ್ಸ್ ಆಗಲಿ, ಅಪಾಯ ಜಾಸ್ತಿ ಇರುವುದು ಟೇಬಲ್ ಮೇಲಲ್ಲ, ಆಮೇಲೆ ವಾರ್ಡಿನಲ್ಲಿ. ಮಾರ್ಫಿನ್ ಜಾತಿಯ ನೋವಿನ ಮದ್ದು ಉಸಿರನ್ನು ಇನ್ನೂ ಕುಗ್ಗಿಸುತ್ತದೆ. ಗಂಟಲೇ ಊದಿಕೊಂಡಿದ್ದರೆ ಕೇಳಬೇಕೇ. ಮೊದಲೇ ಹೇಳಿ, ನಿಮ್ಮ ಮೆಷಿನ್ ಆಸ್ಪತ್ರೆಗೆ ತನ್ನಿ, ತಲೆ ಎತ್ತರಿಸಿ ಮಲಗಿ, ಮೊದಲ ರಾತ್ರಿ ಆಕ್ಸಿಜನ್ ಮಟ್ಟ ನೋಡುವ ವ್ಯವಸ್ಥೆ ಇರಲೇಬೇಕು. "ಸಂಜೆಗೇ ಮನೆಗೆ ಕಳಿಸುತ್ತೇವೆ" ಅಂದರೆ, ಎಎಚ್‌ಐ 38 ಇರುವವರು ಯಾಕೆ ಅಂತ ಕೇಳಿ.

ಸುಮ್ನೆಒಂದ್ಪ್ರಶ್ನೆ:
ಕುತೂಹಲಕ್ಕೆ. ಮೆಷಿನ್ ಇಲ್ಲದ ಕಾಲದಲ್ಲಿ ಏನು ಮಾಡುತ್ತಿದ್ದರು?

ಕಿಮೂಗಂ:
ಕತ್ತಿನಲ್ಲಿ ತೂತು. ಟ್ರೇಕಿಯಾಸ್ಟಮಿ. 1969ರಿಂದ ಆಪ್ನಿಯಾಗೆ ಬಳಸಿದರು. ಮುಚ್ಚುವ ಜಾಗವನ್ನೇ ದಾಟಿ ಕೆಳಗಿನಿಂದ ಗಾಳಿ ಹೋಗುವುದರಿಂದ ಹೆಚ್ಚುಕಡಿಮೆ ಎಲ್ಲರಿಗೂ ಕೆಲಸ ಮಾಡುತ್ತದೆ. ಹಗಲು ಮುಚ್ಚಿ ಮಾತಾಡಬಹುದು, ರಾತ್ರಿ ತೆರೆಯಬೇಕು. ಜೀವನಪೂರ್ತಿ ಅದನ್ನು ತೊಳೆಯುತ್ತಾ ಇರಬೇಕು. ಇವತ್ತಿಗೂ ಬೇರೆ ದಾರಿಯೇ ಇಲ್ಲದ ಕೆಲವರಿಗೆ ಮಾಡುತ್ತೇವೆ.

ರಾತ್ರಿಪಾಳಿ:
ಎಲ್ಲರಿಗೂ ಥ್ಯಾಂಕ್ಸ್. ಡಾಕ್ಟರ್ ಹತ್ತಿರ ಹೋಗಿ ಬಂದೆ. ಡೈಸ್ ಬಗ್ಗೆ ಕೇಳಿದ್ದಕ್ಕೆ "ಅದೆಲ್ಲ ಬೇಕಾಗಿಲ್ಲ" ಅಂದರು. ಮರುಪರೀಕ್ಷೆ ಬಗ್ಗೆ ಕೇಳಿದ್ದಕ್ಕೆ "ಗೊರಕೆ ನಿಂತರೆ ಸಾಕಲ್ವಾ" ಅಂದರು. ಬೇರೆ ಕಡೆ ತೋರಿಸಿದೆ. ಅವರು ಮೂಗನ್ನೂ ನೋಡಿದರು. ಒಳಗೆ ಪಕ್ಕದ ಗೋಡೆಯಿಂದ ಚಾಚಿಕೊಂಡಿರುವ ಟರ್ಬಿನೇಟ್ ಅನ್ನುವ ಭಾಗ ಎರಡೂ ಕಡೆ ಊದಿದೆಯಂತೆ. ಸದ್ಯಕ್ಕೆ ಮೂಗಿಗೆ ಸ್ಪ್ರೇ, ಬೇರೆ ಮಾಸ್ಕ್. ಆಗಲೂ ಆಗದಿದ್ದರೆ ಡೈಸ್ ಮಾಡಿ ಮುಂದೆ ಯೋಚಿಸೋಣ ಅಂದರು. ಒಂದೇ ಕೊನೇ ಪ್ರಶ್ನೆ, ಡೈಸ್‌ನಲ್ಲಿ ನೋವಾಗುತ್ತದಾ? ಅಡ್ಮಿಟ್ ಆಗಬೇಕಾ?

ಕಿಮೂಗಂ:
ನೋವಿಲ್ಲ, ಕೊಯ್ಯುವುದು ಏನೂ ಇಲ್ಲ. ಖಾಲಿ ಹೊಟ್ಟೆಯಲ್ಲಿ ಹೋಗಬೇಕು. ಸಾಮಾನ್ಯವಾಗಿ ಅದೇ ದಿನ ಮನೆಗೆ ಬರಬಹುದು. ಆದರೆ ಜೊತೆಗೆ ಒಬ್ಬರಿರಲಿ, ಆ ದಿನ ಗಾಡಿ ಓಡಿಸಬೇಡಿ. ಇನ್ನೊಂದು, ನೀವು ನಿದ್ದೆಯಲ್ಲಿರುವಾಗ ಕೆಳದವಡೆಯನ್ನು ಕೈಯಿಂದ ಮೆಲ್ಲಗೆ ಮುಂದೆ ಎತ್ತಿ ನೋಡಲು ಹೇಳಿ. ಅಷ್ಟಕ್ಕೇ ದಾರಿ ತೆರೆದುಕೊಂಡರೆ, ದವಡೆಯನ್ನು ಮುಂದೆ ಹಿಡಿಯುವ ಹಲ್ಲಿನ ಸಾಧನದಿಂದಲೇ ನಿಮಗೆ ಅನುಕೂಲ ಆಗಬಹುದು. ವಿಡಿಯೋದ ಒಂದು ಪ್ರತಿ ಕೇಳಿ ಇಟ್ಟುಕೊಳ್ಳಿ. ಮುಂದೆ ಯಾವ ಸರ್ಜನ್ ಹತ್ತಿರ ಹೋದರೂ ಮೊದಲು ಅದನ್ನೇ ಕೇಳುತ್ತಾರೆ.